ಚಹಾ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ನಿಜ. ಆದರೆ ಎಲ್ಲಿ?

ಅರ್ಧ ಕುಡಿದ ಚಹಾ ಕಪ್ಪನ್ನು ಮೇಜಿನ ಮೇಲೆ ಮರೆತು ನಾಲ್ಕು ದಿನ ಹೊರಗಿದ್ದೆ. ಬಂದು ನೋಡಿದರೆ ಮೇಲೆ ಬೂದುಬಣ್ಣದ ಬೂಷ್ಟು, ಪುಟ್ಟ ದ್ವೀಪದ ಹಾಗೆ ತೇಲುತ್ತಿತ್ತು. ಮೂಗು ಮುಚ್ಚಿಕೊಂಡು ತೊಳೆಯುವಾಗ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಚಹಾ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ ಅಂತ ಎಷ್ಟೊಂದು ಕಡೆ ಓದಿದ್ದೇನಲ್ಲ, ಹಾಗಾದರೆ ಇದೇನು?

ಆ ಓದಿದ್ದು ಸುಳ್ಳಲ್ಲ. ಚಹಾ, ಬೆಳ್ಳುಳ್ಳಿ, ಲವಂಗ, ಅರಿಶಿನ ಇವೆಲ್ಲದರ ಮೇಲೆ ಪ್ರಯೋಗಾಲಯಗಳಲ್ಲಿ ಲೆಕ್ಕವಿಲ್ಲದಷ್ಟು ಪರೀಕ್ಷೆ ನಡೆದಿದೆ, ಬ್ಯಾಕ್ಟೀರಿಯಾ ಸತ್ತಿದ್ದೂ ನಿಜ. ನನ್ನ ಕಪ್ಪಿನ ಬೂಷ್ಟೂ ನಿಜ. ಎರಡರ ನಡುವೆ ಒಂದು ಕಂದಕವಿದೆ. ಸುದ್ದಿಯ ತಲೆಬರಹಗಳು ಅದನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತವೆ. ನಾವು ಸ್ವಲ್ಪ ಇಳಿದು ನೋಡೋಣ. ಇಳಿಯೋದಕ್ಕೆ ಒಳ್ಳೆಯ ಜಾಗ ಅಂದರೆ ಚಹಾದ ಒಗರು.

ಡಿಕಾಕ್ಷನ್ ಗಟ್ಟಿಯಾದಾಗ ನಾಲಿಗೆ ಒಣಗಿದ ಹಾಗೆ, ಹಲ್ಲು ಜುಮ್ ಅಂದ ಹಾಗೆ ಆಗುತ್ತದಲ್ವಾ? ಅದು ರುಚಿಯಲ್ಲ, ಸ್ಪರ್ಶ. ಚಹಾ ಎಲೆಯಲ್ಲಿ ಕ್ಯಾಟೆಚಿನ್ ಎಂಬ ಗುಂಪಿನ ರಾಸಾಯನಿಕಗಳಿವೆ. ಪ್ರೋಟೀನ್ ಕಂಡರೆ ಹೋಗಿ ಅಂಟಿಕೊಳ್ಳೋದು ಅವುಗಳ ಸ್ವಭಾವ. ಜೊಲ್ಲಿನಲ್ಲಿ ನಾಲಿಗೆಯನ್ನು ನುಣ್ಣಗೆ ಇಡುವ ಪ್ರೋಟೀನ್‌ಗಳಿಗೆ ಅವು ಅಂಟಿಕೊಂಡು, ಗಂಟು ಕಟ್ಟಿಸಿ, ಜಾರಿಕೆಯನ್ನು ಕಿತ್ತುಕೊಳ್ಳುತ್ತವೆ. ಒಗರು ಅಂದರೆ ಇಷ್ಟೇ. ಈ ಅಂಟುಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುವ ಒಳ್ಳೆಯದೂ ಕೆಟ್ಟದ್ದೂ ಹೆಚ್ಚುಕಡಿಮೆ ಇದರಿಂದಲೇ ಹುಟ್ಟುತ್ತದೆ.

ಗ್ರೀನ್ ಟೀ, ಊಲಾಂಗ್, ಬ್ಲ್ಯಾಕ್ ಟೀ ಎಲ್ಲವೂ ಒಂದೇ ಗಿಡದ ಎಲೆ, ಕ್ಯಾಮೆಲಿಯಾ ಸೈನೆನ್ಸಿಸ್. ಎಲೆ ಕಿತ್ತ ಕೂಡಲೇ ಬಿಸಿ ಮಾಡಿದರೆ ಎಲೆಯೊಳಗಿನ ಕಿಣ್ವ ಸಾಯುತ್ತದೆ, ಕ್ಯಾಟೆಚಿನ್ ಹಾಗೇ ಉಳಿಯುತ್ತದೆ, ಅದು ಗ್ರೀನ್ ಟೀ. ಎಲೆಯನ್ನು ಹೊಸಕಿ ಗಾಳಿಗೆ ಬಿಟ್ಟರೆ ಅದೇ ಕಿಣ್ವ ಕ್ಯಾಟೆಚಿನ್‌ಗಳನ್ನು ಒಂದಕ್ಕೊಂದು ಜೋಡಿಸಿ ಥಿಯಾಫ್ಲೇವಿನ್, ಥಿಯಾರುಬಿಜಿನ್ ಅನ್ನೋ ದೊಡ್ಡ ಅಣುಗಳನ್ನಾಗಿ ಮಾಡುತ್ತದೆ. ಬ್ಲ್ಯಾಕ್ ಟೀಯ ಕೆಂಪು-ಕಂದು ಬಣ್ಣ ಅಲ್ಲಿಂದ ಬಂದದ್ದು. ಕ್ಯಾಟೆಚಿನ್‌ಗಳಲ್ಲಿ ದೊಡ್ಡಣ್ಣ ಅಂದರೆ ಎಪಿಗ್ಯಾಲೋಕ್ಯಾಟೆಚಿನ್ ಗ್ಯಾಲೇಟ್. ಹೆಸರು ಹೇಳುವಷ್ಟರಲ್ಲಿ ಚಹಾ ಆರಿಹೋಗುತ್ತದೆ, ಹಾಗಾಗಿ ಎಲ್ಲರೂ ಇಜಿಸಿಜಿ ಅಂತಾರೆ. ನಾವೂ ಹಾಗೇ ಕರೆಯೋಣ.

ಗಿಡಕ್ಕೆ ಇದೆಲ್ಲ ಯಾಕೆ ಬೇಕು? ಓಡಿಹೋಗೋಕೆ ಕಾಲಿಲ್ಲ. ರೋಗ ಬಂದ ಜಾಗಕ್ಕೆ ರಕ್ತದಲ್ಲಿ ಹರಿದು ಹೋಗುವ ಬಿಳಿರಕ್ತಕಣಗಳಿಲ್ಲ. ಹುಳ, ಬೂಷ್ಟು, ಬ್ಯಾಕ್ಟೀರಿಯಾ ಯಾವುದೇ ಬರಲಿ, ಎದುರಿಸಬೇಕಾದದ್ದು ನಿಂತ ಜಾಗದಲ್ಲೇ, ರಸಾಯನದಿಂದಲೇ. ಕೆಲವು ರಾಸಾಯನಿಕಗಳು ಮೊದಲೇ ದಾಸ್ತಾನಿನಲ್ಲಿ ಇರುತ್ತವೆ. ಕೆಲವನ್ನು ದಾಳಿ ಆದ ಮೇಲಷ್ಟೇ ಗಿಡ ತಯಾರಿಸುತ್ತದೆ, ದ್ರಾಕ್ಷಿಯ ರೆಸ್ವೆರಟ್ರಾಲ್ ಈ ಎರಡನೇ ಜಾತಿಯದು.

ನನಗೆ ಇದರಲ್ಲಿ ತುಂಬಾ ಇಷ್ಟವಾಗೋದು ಬೆಳ್ಳುಳ್ಳಿಯ ಉಪಾಯ. ಇಡೀ ಬೆಳ್ಳುಳ್ಳಿ ಎಸಳಿಗೆ ಅಷ್ಟೇನೂ ವಾಸನೆ ಇಲ್ಲ, ಗಮನಿಸಿದ್ದೀರಾ? ಅದರಲ್ಲಿ ಆಲಿಯಿನ್ ಅನ್ನೋ ಸಾಧು ವಸ್ತು ಒಂದು ಕೋಣೆಯಲ್ಲಿ, ಆಲಿಯಿನೇಸ್ ಅನ್ನೋ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತದೆ. ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ, ಕ್ಷಣದಲ್ಲಿ ಆಲಿಸಿನ್ ತಯಾರು. 1944ರಲ್ಲಿ ಕ್ಯಾವಲಿಟೊ ಮತ್ತು ಬೈಲಿ ಎಂಬ ಇಬ್ಬರು ಅಮೆರಿಕದ ರಸಾಯನಶಾಸ್ತ್ರಜ್ಞರು ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾ ತಡೆಯುವ ಗುಣ ಇದರದ್ದೇ ಅಂತ ತೋರಿಸಿದರು. ಆಲಿಸಿನ್ ಬ್ಯಾಕ್ಟೀರಿಯಾದ ಕಿಣ್ವಗಳಲ್ಲಿರುವ ಗಂಧಕದ ಕೊಂಡಿಗಳಿಗೆ ಬಾಯಿ ಹಾಕಿ ಅವನ್ನು ಕೆಡಿಸುತ್ತದೆ. ಎಸಳನ್ನು ಜಜ್ಜದೆ ಇಡಿಯಾಗಿ ಬೇಯಿಸಿದರೆ ಕಿಣ್ವ ಬಿಸಿಗೆ ಮೊದಲೇ ಸತ್ತಿರುತ್ತದೆ, ಆಮೇಲೆ ಜಜ್ಜಿದರೂ ಆಲಿಸಿನ್ ಹುಟ್ಟುವುದಿಲ್ಲ. ಇನ್ನೊಂದು ಸಂಗತಿ ಇದೆ. ಗಂಧಕದ ಕೊಂಡಿಗಳು ನಮ್ಮ ದೇಹದಲ್ಲೂ ತುಂಬಿವೆ, ಹಾಗಾಗಿ ನುಂಗಿದ ಆಲಿಸಿನ್ ದಾರಿಯಲ್ಲೇ ಸಿಕ್ಕಸಿಕ್ಕದ್ದಕ್ಕೆಲ್ಲ ಅಂಟಿಕೊಂಡು ಖರ್ಚಾಗಿ ಹೋಗುತ್ತದೆ. ರಕ್ತದಲ್ಲಿ ಹುಡುಕಿದರೆ ಆಲಿಸಿನ್ ಸಿಗುವುದೇ ಇಲ್ಲ.

ಲವಂಗದ ಯುಜಿನಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್, ಓಮದ ಥೈಮಾಲ್ ಇವೆಲ್ಲ ಎಣ್ಣೆಯ ಜಾತಿ. ಬ್ಯಾಕ್ಟೀರಿಯಾದ ಪೊರೆಯೂ ಕೊಬ್ಬಿನದು. ಎಣ್ಣೆ ಕೊಬ್ಬಿಗೆ ಸೇರಿಕೊಂಡರೆ ಪೊರೆ ಸಡಿಲವಾಗುತ್ತದೆ, ಒಳಗಿನ ಪೊಟ್ಯಾಸಿಯಂ ಸೋರುತ್ತದೆ, ಜೀವಕೋಶದ ಕರೆಂಟೇ ಹೋದ ಹಾಗೆ. 1879ರಲ್ಲಿ ಶುರುವಾದ ಲಿಸ್ಟರಿನ್ ಮೌತ್‌ವಾಶ್‌ನಲ್ಲಿ ಇವತ್ತಿಗೂ ಥೈಮಾಲ್, ಮೆಂಥಾಲ್, ಯೂಕಲಿಪ್ಟಾಲ್ ಇವೆ. ಅಂದರೆ ಗಿಡದ ಔಷಧ ಕೆಲಸ ಮಾಡೋದೇ ಇಲ್ಲ ಅನ್ನುವವರ ಮಾತೂ ಪೂರ್ತಿ ಸರಿಯಲ್ಲ. ಬಾಯಿ ಮುಕ್ಕಳಿಸಿ ಉಗುಳುತ್ತೀರಲ್ಲ, ಆ ಉಗುಳುವ ಸಂಗತಿ ಮುಖ್ಯ. ಅದಕ್ಕೆ ವಾಪಸ್ ಬರ್ತೀನಿ.

ಈಗ ಚಹಾ ಬ್ಯಾಕ್ಟೀರಿಯಾಗೆ ಏನು ಮಾಡುತ್ತದೆ ಅನ್ನೋದು. 1906ರಲ್ಲಿ ಬ್ರಿಟಿಷ್ ಸೇನೆಯ ವೈದ್ಯ ಮೇಜರ್ ಮ್ಯಾಕ್‌ನಾಟ್ ಟೈಫಾಯ್ಡ್ ರೋಗಾಣುಗಳನ್ನು ಚಹಾದಲ್ಲಿ ಹಾಕಿ ನೋಡಿದರು, ಅವು ಸತ್ತವು. ಸೈನಿಕರ ನೀರಿನ ಬಾಟಲಿಗೆ ನೀರಿನ ಬದಲು ಚಹಾ ತುಂಬಿಸಿ ಅಂತ ಸಲಹೆಯನ್ನೂ ಕೊಟ್ಟರು. ಆಂಟಿಬಯಾಟಿಕ್ ಅನ್ನೋ ಮಾತೇ ಇಲ್ಲದ ಕಾಲ ಅದು, ಪೆನಿಸಿಲಿನ್ ಕಣ್ಣಿಗೆ ಬೀಳೋಕೆ ಇನ್ನೂ 22 ವರ್ಷ ಇತ್ತು. ಇಲ್ಲಿ ಒಂದು ಮಾತು ಸೇರಿಸಬೇಕು. ನಿತ್ಯದ ಬದುಕಿನಲ್ಲಿ ಚಹಾ ಕುಡಿಯುವವರನ್ನು ಕೊಳಕು ನೀರಿನ ರೋಗಗಳಿಂದ ಕಾಪಾಡಿದ ದೊಡ್ಡ ಕೈ ಎಲೆಯದ್ದಲ್ಲ, ಕುದಿಯುವ ನೀರಿನದು.

ಆಮೇಲೆ ಬಂದ ಸಂಶೋಧಕರು ಒಳಗೆ ಇಣುಕಿದರು. ಬ್ಯಾಕ್ಟೀರಿಯಾಗಳಲ್ಲಿ ಎರಡು ದೊಡ್ಡ ಪಂಗಡ, ಗ್ರಾಂ ಪಾಸಿಟಿವ್ ಮತ್ತು ಗ್ರಾಂ ನೆಗೆಟಿವ್. ಮೊದಲನೆಯದಕ್ಕೆ ದಪ್ಪ ಗೋಡೆ ಇದೆ, ಆದರೆ ಗೋಡೆ ಬಯಲಿಗೆ ತೆರೆದಿದೆ. ಇಜಿಸಿಜಿ ನೇರ ಹೋಗಿ ಗೋಡೆ ಕಟ್ಟಿರುವ ಪೆಪ್ಟಿಡೋಗ್ಲೈಕಾನ್ ಅನ್ನೋ ವಸ್ತುವಿಗೆ ಅಂಟಿಕೊಳ್ಳುತ್ತದೆ. ಎರಡನೆಯದಕ್ಕೆ ಗೋಡೆ ತೆಳು, ಆದರೆ ಹೊರಗೆ ಇನ್ನೊಂದು ಪೊರೆ ಹೊದ್ದುಕೊಂಡಿದೆ, ಮಳೆಗೆ ರೇನ್‌ಕೋಟ್ ಹಾಕಿಕೊಂಡ ಹಾಗೆ. ಚರ್ಮ, ಮೂಗಿನಲ್ಲಿರುವ ಸ್ಟ್ಯಾಫಿಲೊಕಾಕಸ್ ಮೊದಲ ಪಂಗಡ, ಚಹಾಕ್ಕೆ ಬೇಗ ಬಗ್ಗುತ್ತದೆ. ಕರುಳಿನ ಇ. ಕೋಲಿ, ಟೈಫಾಯ್ಡ್‌ನ ಸಾಲ್ಮೊನೆಲ್ಲಾ ಎರಡನೆಯದು, ಇವಕ್ಕೆ ಜಾಸ್ತಿ ಪ್ರಮಾಣ, ಜಾಸ್ತಿ ಹೊತ್ತು ಬೇಕು. ಮ್ಯಾಕ್‌ನಾಟ್ ಅವರ ಟೈಫಾಯ್ಡ್ ರೋಗಾಣು ಸತ್ತದ್ದು ಡಿಕಾಕ್ಷನ್‌ನಲ್ಲೇ ಮುಳುಗಿಕೊಂಡು ಕೂತಿದ್ದಕ್ಕೆ. ನಿಮ್ಮ ಹೊಟ್ಟೆಯಲ್ಲಿ, ರಕ್ತದಲ್ಲಿ ಯಾವ ರೋಗಾಣುವೂ ಡಿಕಾಕ್ಷನ್‌ನಲ್ಲಿ ಮುಳುಗಿಕೊಂಡು ಕೂರುವುದಿಲ್ಲ.

ಇಲ್ಲಿಂದ ಲೆಕ್ಕ ಶುರು. ಬೇಜಾರಾಗಬೇಡಿ, ಮೂರೇ ಮೂರು ಅಂಕಿ.

ಒಂದು ವಸ್ತು ಬ್ಯಾಕ್ಟೀರಿಯಾವನ್ನು ತಡೆಯುತ್ತದಾ ಅಂತ ನೋಡೋಕೆ ಪ್ರಯೋಗಾಲಯದಲ್ಲಿ ಸಾಲಾಗಿ ಪುಟ್ಟ ಗುಳಿಗಳಿರುವ ತಟ್ಟೆ ತಗೊಳ್ಳುತ್ತಾರೆ. ಮೊದಲ ಗುಳಿಯಲ್ಲಿ ವಸ್ತು ಗಟ್ಟಿ, ಮುಂದಿನದರಲ್ಲಿ ಅದರ ಅರ್ಧ, ಅದರ ಮುಂದೆ ಅದರ ಅರ್ಧ. ಎಲ್ಲದಕ್ಕೂ ಒಂದೇ ಅಳತೆ ಬ್ಯಾಕ್ಟೀರಿಯಾ. ರಾತ್ರಿಯಿಡೀ ಬೆಚ್ಚಗೆ ಇಟ್ಟರೆ ಬೆಳಿಗ್ಗೆ ಕೆಲವು ಗುಳಿ ಮೋಡ ಕವಿದ ಹಾಗೆ ಮಬ್ಬಾಗಿರುತ್ತವೆ, ಕೆಲವು ತಿಳಿಯಾಗಿ ಉಳಿದಿರುತ್ತವೆ. ತಿಳಿಯಾಗಿ ಉಳಿದವುಗಳಲ್ಲಿ ಎಲ್ಲಕ್ಕಿಂತ ತೆಳು ಪ್ರಮಾಣ ಎಷ್ಟೋ ಅದೇ ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸೋಕೆ ಬೇಕಾದ ಕನಿಷ್ಠ ಪ್ರಮಾಣ. ಅಂಕಿ ಚಿಕ್ಕದಾದಷ್ಟೂ ಔಷಧ ಚುರುಕು.

ಒಳ್ಳೆಯ ಆಂಟಿಬಯಾಟಿಕ್‌ಗೆ, ಬ್ಯಾಕ್ಟೀರಿಯಾ ಇನ್ನೂ ಅದಕ್ಕೆ ಬಗ್ಗುತ್ತಿದ್ದರೆ, ಈ ಅಂಕಿ ಮಿಲಿಲೀಟರ್‌ಗೆ ಸುಮಾರು 1 ಮೈಕ್ರೋಗ್ರಾಂ (ಮಿಲಿಗ್ರಾಂನ ಸಾವಿರದ ಒಂದು ಭಾಗ), ಎಷ್ಟೋ ಸಲ ಇನ್ನೂ ಕಡಿಮೆ. ಸ್ಟ್ಯಾಫಿಲೊಕಾಕಸ್ ಮೇಲೆ ಇಜಿಸಿಜಿಯ ಅಂಕಿ ಸುಮಾರು 100. ಗಿಡದ ಬಹುತೇಕ ರಾಸಾಯನಿಕಗಳು 100ರಿಂದ 1000ದ ನಡುವೆ ಎಲ್ಲೋ ಬೀಳುತ್ತವೆ. ಪತ್ರಿಕೆಯಲ್ಲಿ ಎರಡನ್ನೂ "ಬ್ಯಾಕ್ಟೀರಿಯಾ ಕೊಲ್ಲುತ್ತದೆ" ಅನ್ನೋ ಒಂದೇ ವಾಕ್ಯದಲ್ಲಿ ಹೇಳಬಹುದು. ಇರಲಿ, ನೂರು ಬೇಕಾದರೆ ನೂರು ಕೊಟ್ಟರಾಯಿತು ಅನ್ನೋಣ. ಕೊಡೋಕೆ ಆಗುತ್ತದಾ?

ಒಂದು ಕಪ್ ಗ್ರೀನ್ ಟೀಯಲ್ಲಿ 50ರಿಂದ 100 ಮಿಲಿಗ್ರಾಂನಷ್ಟು ಇಜಿಸಿಜಿ ಇರುತ್ತದೆ ಅಂತಿಟ್ಟುಕೊಳ್ಳಿ. 200 ಮಿಲಿಲೀಟರ್ ಕಪ್ಪಿಗೆ ಭಾಗಿಸಿದರೆ ಮಿಲಿಲೀಟರ್‌ಗೆ 250ರಿಂದ 500 ಮೈಕ್ರೋಗ್ರಾಂ. ಅಂದರೆ ಕಪ್ಪಿನೊಳಗೆ ಸ್ಟ್ಯಾಫಿಲೊಕಾಕಸ್ ತಡೆಯೋಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ! ಕುಡಿದ ಮೇಲೆ ನೋಡಿ. ಕರುಳು ಹೀರಿಕೊಳ್ಳೋದು ಚೂರೇ ಚೂರು. ಹೀರಿಕೊಂಡದ್ದನ್ನೂ ಕರುಳಿನ ಗೋಡೆ ಮತ್ತು ಲಿವರ್ ಮಾರ್ಪಡಿಸಿ ಹೊರಗೆ ತಳ್ಳುತ್ತವೆ, ಹೀರದೆ ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಒಂದೆರಡು ಕಪ್ ಆದ ಮೇಲೆ ರಕ್ತದಲ್ಲಿ ಸಿಗುವುದು ಸಾಮಾನ್ಯವಾಗಿ ಮಿಲಿಲೀಟರ್‌ಗೆ ಅರ್ಧ ಮೈಕ್ರೋಗ್ರಾಂಗಿಂತ ಕಡಿಮೆ. ಬೇಕಿದ್ದದ್ದು ನೂರು, ಸಿಕ್ಕಿದ್ದು ಅರ್ಧವೂ ಇಲ್ಲ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗೆ.

ಹಾಗಾದರೆ ಕಪ್ ಜಾಸ್ತಿ ಮಾಡೋಣ ಅಂದರೆ ನೂರಾರು ಕಪ್ಪಿನ ಮಾತಾಯಿತು. ಮಾತ್ರೆ ಮಾಡಿ ನುಂಗೋಣ ಅಂದರೆ ಲಿವರ್ ಅಡ್ಡ ಬರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಇದನ್ನು ಕೂಲಂಕಷವಾಗಿ ನೋಡಿತು. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿಯನ್ನು ಸಪ್ಲಿಮೆಂಟ್ ರೂಪದಲ್ಲಿ ತಗೊಂಡವರಲ್ಲಿ ಲಿವರ್‌ಗೆ ಏಟಾದ ಸೂಚನೆ ಕೊಡುವ ಕಿಣ್ವಗಳು ರಕ್ತದಲ್ಲಿ ಏರಿದ್ದವು ಅಂತ ಹೇಳಿತು. ಕುಡಿಯುವ ಚಹಾದ ಬಗ್ಗೆ ಅಂಥ ಭಯ ಇಲ್ಲ, ಮಾತು ಗಟ್ಟಿ ಮಾಡಿದ ಸಾರದ ಮಾತ್ರೆಗಳದ್ದು. "ಗಿಡದ್ದು ತಾನೇ, ಏನಾಗುತ್ತೆ" ಅನ್ನುವವರು ಈ ಒಂದು ಸಾಲನ್ನು ಎರಡು ಸಲ ಓದಲಿ.

ಗುಳಿಗಳ ತಟ್ಟೆಯಲ್ಲೂ ಎಲ್ಲವೂ ಕಂಡಷ್ಟು ಸರಳವಾಗಿಲ್ಲ. ಇಜಿಸಿಜಿಯನ್ನು ಆ ದ್ರವದಲ್ಲಿ ಹಾಕಿಟ್ಟರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಗಾಯ ತೊಳೆಯೋಕೆ ಬಳಸುತ್ತಿದ್ದ, ನೊರೆ ಬರುವ ಅದೇ ದ್ರವ. ಬ್ಯಾಕ್ಟೀರಿಯಾ ಸತ್ತದ್ದರಲ್ಲಿ ಒಂದು ಪಾಲು ಇದರದ್ದು. ನಮ್ಮ ದೇಹದಲ್ಲಿ ಪೆರಾಕ್ಸೈಡ್ ಮುರಿಯುವ ಕ್ಯಾಟಲೇಸ್ ಕಿಣ್ವ ಎಲ್ಲೆಡೆ ಇದೆ, ಅಲ್ಲಿ ಆ ಆಟ ನಡೆಯುವುದಿಲ್ಲ.

ಇನ್ನೊಂದು ಪರೀಕ್ಷೆ ನೀವು ಚಿತ್ರದಲ್ಲಿ ನೋಡಿರುತ್ತೀರಿ. ಅಗಾರ್ ಅನ್ನೋ ಜೆಲ್ಲಿ ತುಂಬಿದ ತಟ್ಟೆಯ ಮೇಲೆಲ್ಲ ಬ್ಯಾಕ್ಟೀರಿಯಾ, ಮಧ್ಯೆ ಔಷಧದಲ್ಲಿ ಅದ್ದಿದ ಗುಂಡನೆ ಕಾಗದ, ಸುತ್ತ ಬೋಳು ವೃತ್ತ. ಫೋಟೋಗೆ ಚೆನ್ನಾಗಿ ಬರುತ್ತದೆ, ಅದಕ್ಕೇ ಎಲ್ಲ ಕಡೆ ಇರುತ್ತದೆ. ಆದರೆ ವೃತ್ತ ದೊಡ್ಡದಾದಷ್ಟೂ ಔಷಧ ಜೋರು ಅಂತ ಅಂದುಕೊಂಡರೆ ಮೋಸ ಹೋಗುತ್ತೀರಿ. ಅಗಾರ್ ಬಹುಪಾಲು ನೀರು. ನೀರಿನಲ್ಲಿ ಸರಾಗವಾಗಿ ಹರಡುವ ಚಿಕ್ಕ ಅಣು ದೊಡ್ಡ ವೃತ್ತ ಬಿಡಿಸುತ್ತದೆ, ಎಣ್ಣೆಯಂಥದ್ದು ಜೋರಿದ್ದರೂ ಕಾಗದದ ಬುಡದಲ್ಲೇ ಕೂರುತ್ತದೆ. ಜೊತೆಗೆ ವಿನೆಗರ್ ಹಾಕಿದರೂ ವೃತ್ತ ಬರುತ್ತದೆ, ಬ್ಲೀಚ್ ಹಾಕಿದರಂತೂ ತಟ್ಟೆಯೇ ಬೋಳು. ಬ್ಲೀಚನ್ನು ಯಾರೂ ಕುಡಿಯಲ್ಲ ಅಲ್ವಾ.

ಅರಿಶಿನದ ಕರ್ಕ್ಯುಮಿನ್ ಈ ಬಗೆಯ ಮೋಸಕ್ಕೆ ಪಾಠದ ಹಾಗಿದೆ. ಅದು ಬೆಳಕು ಹೀರಿ ಹೊಳೆಯುವ ಬಣ್ಣದ ವಸ್ತು, ಸಿಕ್ಕ ಪ್ರೋಟೀನ್‌ಗಳಿಗೆಲ್ಲ ಅಂಟುತ್ತದೆ, ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಬೆಳಕನ್ನು ಅಳೆದು ಉತ್ತರ ಹೇಳುವ ಯಂತ್ರದ ಮುಂದೆ ಇದನ್ನಿಟ್ಟರೆ ಯಾವ ರೋಗದ ಪರೀಕ್ಷೆಗೂ "ಹೌದು" ಅಂತ ಉತ್ತರ ಬರುವ ಸಾಧ್ಯತೆ ಇರುತ್ತದೆ. ಔಷಧ ರಸಾಯನಶಾಸ್ತ್ರದವರು ಇಂಥ ಎಲ್ಲಕ್ಕೂ ತಲೆಯಾಡಿಸುವ ಅಣುಗಳ ಒಂದು ಪಟ್ಟಿಯನ್ನೇ ಇಟ್ಟುಕೊಂಡಿದ್ದಾರೆ, ಪೇನ್ಸ್ ಅಂತ ಅದಕ್ಕೆ ಹೆಸರು. 2017ರಲ್ಲಿ ಕರ್ಕ್ಯುಮಿನ್ ಬಗ್ಗೆ ಬಂದ ಒಂದು ದೊಡ್ಡ ವಿಮರ್ಶಾ ಲೇಖನ, ಇಷ್ಟೆಲ್ಲ ಪ್ರಯೋಗಗಳ ನಂತರವೂ ಮನುಷ್ಯರ ಮೇಲಿನ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಅದು ಗೆದ್ದ ಉದಾಹರಣೆ ಇಲ್ಲ ಅಂತ ನೇರವಾಗಿ ಬರೆಯಿತು. ಗ್ರಾಂಗಟ್ಟಲೆ ನುಂಗಿದರೂ ರಕ್ತಕ್ಕೆ ಸೇರೋದು ಲೆಕ್ಕಕ್ಕೆ ಸಿಗದಷ್ಟು.

ಇಷ್ಟು ಓದಿ ಎಲ್ಲ ಬೊಗಳೆ ಅನ್ನೋ ತೀರ್ಮಾನಕ್ಕೆ ಬಂದರೆ ಅದೂ ತಪ್ಪು. ಉಗುಳುವ ಸಂಗತಿಗೆ ಬರೋಣ. ಸಮಸ್ಯೆ ಇದ್ದದ್ದು ವಸ್ತುವಿನ ಗುಣದಲ್ಲಿ ಅಲ್ಲ, ದಾರಿಯಲ್ಲಿ. ರಕ್ತದ ದಾರಿ ಬಿಟ್ಟು, ರೋಗಾಣು ಇರುವ ಜಾಗಕ್ಕೇ ನೇರ ಹಚ್ಚಿದರೆ? ಆಗ ಕಪ್ಪಿನ ಪ್ರಮಾಣವೇ ಸಿಗುತ್ತದೆ, ಅದಕ್ಕಿಂತ ಜಾಸ್ತಿಯೂ ಸಿಗುತ್ತದೆ.

ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ ಚಹಾದ್ದೇ. 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗ್ರೀನ್ ಟೀಯ ಕ್ಯಾಟೆಚಿನ್‌ಗಳಿಂದ ಮಾಡಿದ ಒಂದು ಮುಲಾಮಿಗೆ ಒಪ್ಪಿಗೆ ಕೊಟ್ಟಿತು. ವೆರೆಜೆನ್ ಅಂತ ಹೆಸರು, ಎಚ್‌ಪಿವಿ ವೈರಸ್‌ನಿಂದ ಜನನಾಂಗದ ಸುತ್ತ ಬರುವ ನರುಳ್ಳೆಗಳಿಗೆ ಹಚ್ಚೋದು. ಗಿಡದ ಸಾರವನ್ನೇ ಔಷಧವಾಗಿ ಒಪ್ಪುವ ಹೊಸ ನಿಯಮದಡಿ ಅಲ್ಲಿ ಮೊದಲು ಪಾಸಾದದ್ದು ಇದೇ. ಅದರಲ್ಲಿ ಸಾರದ ಪ್ರಮಾಣ ಶೇ. 15. ಹೋಲಿಸಿ ನೋಡಿ, ಕಪ್ಪಿನಲ್ಲಿ ಇರೋದು ಶೇಕಡಾ ಒಂದರ ಹತ್ತನೇ ಒಂದು ಭಾಗದ ಆಸುಪಾಸು. ಮನೆಯಲ್ಲಿ ಟೀ ಬ್ಯಾಗ್ ಹಚ್ಚಿಕೊಂಡರೆ ಅದೇ ಆಗುತ್ತದೆ ಅಂತ ಹೊರಡಬೇಡಿ.

ಬಾಯಿಯೂ ಅಂಥ ಜಾಗ. ಚಹಾ ಅಲ್ಲಿ ಕಪ್ಪಿನಲ್ಲಿದ್ದ ಹಾಗೇ ಮುಟ್ಟುತ್ತದೆ. ಹಲ್ಲು ಹುಳುಕಿಗೆ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಸಕ್ಕರೆಯಿಂದ ಗೋಂದು ಮಾಡಿಕೊಂಡು ಹಲ್ಲಿಗೆ ಅಂಟಿ ಕೂರುತ್ತದೆ, ಹಲ್ಲಿನ ಮೇಲಿನ ಪಾಚಿಗೆ ಅದೇ ತಳಪಾಯ. ಆ ಗೋಂದು ಮಾಡುವ ಕಿಣ್ವವೂ ಒಂದು ಪ್ರೋಟೀನ್ ತಾನೇ? ಕ್ಯಾಟೆಚಿನ್ ಹೋಗಿ ಅದಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಇದು ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡ ಸಂಗತಿ. ಆದರೆ ಚಹಾಕ್ಕೆ ಎರಡು ಚಮಚ ಸಕ್ಕರೆ ಸುರಿದು ಹಲ್ಲಿನ ಆರೋಗ್ಯದ ಮಾತಾಡೋದು, ಒಂದು ಕೈಯಲ್ಲಿ ಬೆಂಕಿ ಹಚ್ಚಿ ಇನ್ನೊಂದರಲ್ಲಿ ನೀರು ಚಿಮುಕಿಸಿದ ಹಾಗೆ. ಗಂಟಲಿನ ವಿಷಯದಲ್ಲಿ ಫಲಿತಾಂಶ ಅಷ್ಟು ಸಿಹಿಯಾಗಿಲ್ಲ. ಕೋಶಗಳ ತಟ್ಟೆಯಲ್ಲಿ ಇಜಿಸಿಜಿ ಫ್ಲೂ ವೈರಸ್‌ಗೆ ಅಂಟಿಕೊಂಡು ಅದು ಕೋಶದೊಳಗೆ ಹೋಗದ ಹಾಗೆ ತಡೆದದ್ದು ನಿಜ. ಜಪಾನಿನಲ್ಲಿ 700ಕ್ಕೂ ಹೆಚ್ಚು ಹೈಸ್ಕೂಲ್ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಗ್ರೀನ್ ಟೀಯಲ್ಲಿ, ಕೆಲವರಿಗೆ ನೀರಿನಲ್ಲಿ ಬಾಯಿ ಮುಕ್ಕಳಿಸೋಕೆ ಹೇಳಿ ನೋಡಿದರು. 2014ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಫ್ಲೂ ಬಂದ ಪ್ರಮಾಣದಲ್ಲಿ ಎರಡೂ ಗುಂಪಿಗೆ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ.

ಹೆಸರಿನಿಂದ ಗೊಂದಲ ಮಾಡುವ ಟೀ ಟ್ರೀ ಎಣ್ಣೆಗೂ ನಾವು ಕುಡಿಯುವ ಚಹಾಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅದು ಆಸ್ಟ್ರೇಲಿಯಾದ ಮೆಲಲೂಕಾ ಮರದ್ದು. 1990ರಲ್ಲಿ ಅಲ್ಲಿ 124 ಮೊಡವೆ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಶೇ. 5ರ ಟೀ ಟ್ರೀ ಎಣ್ಣೆಯ ಜೆಲ್, ಮಾಮೂಲಿ ಔಷಧವಾದ ಬೆನ್ಜಾಯ್ಲ್ ಪೆರಾಕ್ಸೈಡ್ ಎರಡೂ ಕೆಲಸ ಮಾಡಿದವು. ಎಣ್ಣೆ ನಿಧಾನ, ಆದರೆ ಚರ್ಮದ ಉರಿ ಕಡಿಮೆ. ಇದೂ ಹಚ್ಚುವ ಔಷಧ. ನುಂಗಿದರೆ ವಿಷ, ಮಕ್ಕಳಿರುವ ಮನೆಯಲ್ಲಿ ಬಾಟಲಿ ಮೇಲಿಡಿ.

ಕೊಲ್ಲದೆಯೂ ಗೆಲ್ಲಬಹುದು ಅನ್ನೋದಕ್ಕೆ ಕ್ರ್ಯಾನ್‌ಬೆರಿ ಇದೆ. ಮೂತ್ರನಾಳಕ್ಕೆ ಸೋಂಕು ತರುವ ಇ. ಕೋಲಿ ತನ್ನ ಕೂದಲಿನಂಥ ಕೊಕ್ಕೆಗಳಿಂದ ಗೋಡೆ ಹಿಡಿದುಕೊಳ್ಳುತ್ತದೆ. ಈ ಹಣ್ಣಿನ ಒಗರು ವಸ್ತುಗಳು ಆ ಹಿಡಿತವನ್ನು ಸಡಿಲಿಸುತ್ತವೆ, ಹಿಡಿತ ತಪ್ಪಿದರೆ ಮೂತ್ರದ ಜೊತೆ ಕೊಚ್ಚಿಹೋಗುತ್ತದೆ. ವೈದ್ಯಕೀಯ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ತೂಗುವ ಕೋಕ್ರೇನ್ ಸಂಸ್ಥೆ 2012ರಲ್ಲಿ ಇದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ ಅಂದಿತ್ತು. ಇನ್ನಷ್ಟು ಪರೀಕ್ಷೆಗಳು ಸೇರಿದ ಮೇಲೆ 2023ರಲ್ಲಿ ಮಾತು ಬದಲಿಸಿತು. ಪದೇ ಪದೇ ಸೋಂಕಾಗುವ ಹೆಂಗಸರಲ್ಲಿ ಮತ್ತೆ ಬರುವ ಸಾಧ್ಯತೆ ಸುಮಾರು ಕಾಲು ಭಾಗ ಇಳಿಯುತ್ತದೆ ಅಂತ. ತಡೆಯೋಕೆ ಮಾತ್ರ, ಬಂದ ಸೋಂಕನ್ನು ವಾಸಿ ಮಾಡೋಕಲ್ಲ. ಪುರಾವೆ ಬಂದಾಗ ಅಭಿಪ್ರಾಯ ಬದಲಿಸೋದು ಹೀಗೆ, ನಾಚಿಕೆ ಪಡಬೇಕಾದ್ದೇನಿಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸೋದು ಜೊತೆಗಾರಿಕೆ. 2019ರ ಒಂದೇ ವರ್ಷ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾದಿಂದ ಜಗತ್ತಿನಲ್ಲಿ ನೇರವಾಗಿ ಸತ್ತವರು ಸುಮಾರು 12 ಲಕ್ಷ 70 ಸಾವಿರ ಜನ ಅಂತ ಅಂದಾಜು. ಹೊಸ ಔಷಧ ಸಿಗೋದು ಅಪರೂಪ, ಹಾಗಾಗಿ ಹಳೆಯದಕ್ಕೆ ಮತ್ತೆ ಹರಿತ ಕೊಡೋಕೆ ಆಗುತ್ತದಾ ಅಂತ ಹುಡುಕಾಟ. ಎಂಆರ್‌ಎಸ್‌ಎ ಅನ್ನೋ ಹಠಮಾರಿ ಸ್ಟ್ಯಾಫಿಲೊಕಾಕಸ್ ಆಕ್ಸಾಸಿಲಿನ್ ಎಂಬ ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಚಹಾದ ಇನ್ನೊಂದು ಕ್ಯಾಟೆಚಿನ್ ಆದ ಎಪಿಕ್ಯಾಟೆಚಿನ್ ಗ್ಯಾಲೇಟ್ ಅನ್ನು, ತಾನೊಂದೇ ಇದ್ದರೆ ಕೊಲ್ಲಲಾರದಷ್ಟು ಕಡಿಮೆ ಪ್ರಮಾಣದಲ್ಲಿ ಸೇರಿಸಿದರೆ, ಅದು ಪೊರೆಯೊಳಗೆ ತೂರಿಕೊಂಡು ಪ್ರತಿರೋಧದ ಯಂತ್ರವನ್ನು ಜಾಗ ತಪ್ಪಿಸುತ್ತದೆ. ಆಗ ಅದೇ ಆಕ್ಸಾಸಿಲಿನ್ ಮತ್ತೆ ನಾಟುತ್ತದೆ. ತಟ್ಟೆಯಲ್ಲಿ, ಹೌದು, ತಟ್ಟೆಯಲ್ಲೇ.

ಇದಕ್ಕಿಂತ ಸೊಗಸಾದದ್ದು ಬಾರ್ಬೆರಿ ಪೊದೆಯ ಕತೆ. ಅದರ ಹಳದಿ ವಸ್ತು ಬರ್ಬೆರಿನ್ ಬ್ಯಾಕ್ಟೀರಿಯಾಗೆ ವಿಷ, ಆದರೆ ಸ್ಟ್ಯಾಫಿಲೊಕಾಕಸ್ ಬಳಿ ನೋರ್‌ಎ ಎಂಬ ಪಂಪ್ ಇದೆ, ಒಳಗೆ ಬಂದ ಬರ್ಬೆರಿನ್ ಅನ್ನು ಎತ್ತಿ ಹೊರಗೆ ಸುರಿಯುತ್ತದೆ. ದೋಣಿಗೆ ನುಗ್ಗಿದ ನೀರು ಮೊಗೆದು ಹಾಕಿದ ಹಾಗೆ. 2000ದಲ್ಲಿ ಅಮೆರಿಕದ ಸಂಶೋಧಕರು ಅದೇ ಪೊದೆಯಲ್ಲಿ ಇನ್ನೊಂದು ವಸ್ತು ಕಂಡರು. ಅದನ್ನು ಒಂಟಿಯಾಗಿ ಕೊಟ್ಟರೆ ಬ್ಯಾಕ್ಟೀರಿಯಾಗೆ ಏನೂ ಆಗಲ್ಲ. ಆದರೆ ಅದು ಪಂಪನ್ನು ಕಟ್ಟಿಹಾಕುತ್ತದೆ, ಬರ್ಬೆರಿನ್ ಒಳಗೇ ತುಂಬಿಕೊಳ್ಳುತ್ತದೆ, ಕೋಶ ಮುಳುಗುತ್ತದೆ. ಗಿಡದ ರಾಸಾಯನಿಕಗಳ ಎಂಐಸಿ ಯಾಕೆ ಇಷ್ಟು ಸಪ್ಪೆ ಅನ್ನೋದಕ್ಕೆ ಇದೊಂದು ಉತ್ತರವಿರಬಹುದು. ನಾವು ತಂಡವನ್ನು ಒಡೆದು ಒಬ್ಬೊಬ್ಬರನ್ನೇ ಕಣಕ್ಕಿಳಿಸಿ ಅಂಕ ಕೊಡುತ್ತಿದ್ದೇವೆ.

ಗಿಡದಿಂದ ಸೋಂಕಿನ ವಿರುದ್ಧ ಬಂದ ದೊಡ್ಡ ಗೆಲುವುಗಳು ಇವೆ, ಆದರೆ ಅವು ಬ್ಯಾಕ್ಟೀರಿಯಾ ವಿರುದ್ಧ ಅಲ್ಲ, ಮಲೇರಿಯಾ ವಿರುದ್ಧ. 1820ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಪೆಲೆಟಿಯೆ ಮತ್ತು ಕಾವಾಂಟೂ ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಎರಡನೆಯದು ಆರ್ಟೆಮಿಸಿನಿನ್. ಚೀನಾದ ತು ಯೂಯೂ ಅವರ ತಂಡ ಒಂದು ಗಿಡವನ್ನು ಕಾಯಿಸಿ ಸಾರ ತೆಗೆದಾಗ ಫಲಿತಾಂಶ ಒಮ್ಮೆ ಬಂತು, ಒಮ್ಮೆ ಇಲ್ಲ. ಆಗ ಅವರು ನಾಲ್ಕನೇ ಶತಮಾನದ ಒಂದು ವೈದ್ಯಗ್ರಂಥದ ಸಾಲು ಗಮನಿಸಿದರು. ಅದರಲ್ಲಿ ಕುದಿಸಿ ಅಂತ ಇರಲಿಲ್ಲ, ನೀರಿನಲ್ಲಿ ನೆನೆಸಿ ಹಿಂಡಿ ಅಂತ ಇತ್ತು. ಬಿಸಿಯೇ ಔಷಧವನ್ನು ಕೆಡಿಸುತ್ತಿರಬಹುದು ಅನ್ನಿಸಿ, ತಣ್ಣಗೇ ಕುದಿಯುವ ಈಥರ್‌ನಿಂದ ಸಾರ ತೆಗೆದರು. 1972ರಲ್ಲಿ ಶುದ್ಧ ವಸ್ತು ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು.

ಇದೇ ಗಿಡದ ಎಲೆಯ ಚಹಾ ಕುಡಿದು ಮಲೇರಿಯಾ ವಾಸಿ ಮಾಡಿಕೊಳ್ಳಿ ಅನ್ನುವವರು ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದು ಬೇಡ ಅಂತ ಸ್ಪಷ್ಟವಾಗಿ ಹೇಳಿತು. ಎಲೆಯಿಂದ ಎಲೆಗೆ ಔಷಧದ ಪ್ರಮಾಣ ಬೇರೆ, ಕಪ್ಪಿನಲ್ಲಿ ಸಿಗೋದು ಸಾಕಾಗದಷ್ಟು. ರೋಗ ಅರ್ಧ ವಾಸಿಯಾಗಿ ಮರಳಿ ಬರಬಹುದು, ಅರೆ ಪ್ರಮಾಣಕ್ಕೆ ಸಾಯದೆ ಉಳಿದ ಪರಾವಲಂಬಿಗಳು ಔಷಧಕ್ಕೇ ಒಗ್ಗಿಹೋಗಬಹುದು. ಗಿಡ ಅದೇ, ಅಣುವೂ ಅದೇ. ಕಪ್ಪಿನಲ್ಲಿ ಅಪಾಯ, ಅಳೆದ ಮಾತ್ರೆಯಲ್ಲಿ ಜೀವದಾನ.

ಒಗರಿನ ಅಂಟುಗುಣ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಅದು ಹಾಲಿನ ಕೇಸಿನ್ ಪ್ರೋಟೀನ್‌ಗೂ ಅಂಟುತ್ತದೆ, ಹಾಲು ಹಾಕಿದ ಕೂಡಲೇ ಒಗರು ಇಳಿಯೋದು ಅದಕ್ಕೇ. ಊಟದಲ್ಲಿನ ಕಬ್ಬಿಣಕ್ಕೂ ಅಂಟುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪು-ಕಾಳಿನ ಕಬ್ಬಿಣ ದೇಹಕ್ಕೆ ಸೇರೋದು ಅರ್ಧಕ್ಕಿಂತ ಜಾಸ್ತಿ ಇಳಿಯಬಹುದು. ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಬಿಡೋದು ಒಳ್ಳೆಯದು. ಔಷಧಗಳ ದಾರಿಗೂ ಅಡ್ಡ ಬರುತ್ತದೆ. ರಕ್ತದೊತ್ತಡದ ನ್ಯಾಡೊಲಾಲ್ ಮಾತ್ರೆ ನುಂಗಿದವರಿಗೆ ಗ್ರೀನ್ ಟೀ ಕುಡಿಸಿ ಜಪಾನಿನಲ್ಲಿ ನೋಡಿದಾಗ ರಕ್ತಕ್ಕೆ ಸೇರಿದ ಔಷಧ ಬಹಳ ಕುಸಿದಿತ್ತು, ಬಹುಶಃ ಕರುಳಿನಲ್ಲಿ ಆ ಔಷಧವನ್ನು ಒಳಗೆ ಕರೆದುಕೊಳ್ಳುವ ಬಾಗಿಲನ್ನೇ ಕ್ಯಾಟೆಚಿನ್ ತಡೆದಿತ್ತು. ಕ್ಯಾನ್ಸರ್ ಔಷಧ ಬಾರ್ಟೆಜೊಮಿಬ್‌ಗಂತೂ ಇಜಿಸಿಜಿ ನೇರ ಹೋಗಿ ಅಂಟಿ ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ದೊಡ್ಡ ರೋಗಕ್ಕೆ ಮಾತ್ರೆ ತಗೊಳ್ಳುತ್ತಿದ್ದರೆ, ಗಿಡದ ಸಾರದ ಯಾವುದೇ ಸಪ್ಲಿಮೆಂಟ್ ಬಗ್ಗೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಮುಂದಿನ ಸಲ "ಇಂಥ ಎಲೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ" ಅನ್ನೋ ಸುದ್ದಿ ಕಂಡಾಗ ನಾನು ಹುಡುಕೋದು ಮೂರು ಮಾತು. ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ. ಎಷ್ಟು ಪ್ರಮಾಣ. ಅಷ್ಟು ಪ್ರಮಾಣ ರೋಗ ಇರುವ ಜಾಗಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ. ಮೂರನೆಯದಕ್ಕೆ ಸುದ್ದಿಯಲ್ಲಿ ಉತ್ತರ ಸಿಗೋದು ಅಪರೂಪ.

ಸರಿ, ನನ್ನ ಕಪ್ಪಿನ ಬೂಷ್ಟು. ಬೂಷ್ಟು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ, ಅದರ ಗೋಡೆಯ ಕಟ್ಟಡವೇ ಬೇರೆ. ನಾನು ಹಾಕಿದ್ದ ಸಕ್ಕರೆ ಅದಕ್ಕೆ ಊಟ, ಹಾಕಿದ್ದ ಹಾಲು ಕ್ಯಾಟೆಚಿನ್‌ಗಳನ್ನು ಹಿಡಿದಿಟ್ಟಿತ್ತು. ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಆಸ್ಪರ್ಜಿಲಸ್, ಪೆನಿಸಿಲಿಯಂ ಜಾತಿಯ ಬೂಷ್ಟುಗಳ ಬಳಿ ಟ್ಯಾನೇಸ್ ಅನ್ನೋ ಕಿಣ್ವ ಇದೆ. ಅದು ಇಜಿಸಿಜಿಯ ಗ್ಯಾಲೇಟ್ ತುಂಡನ್ನೇ ಕತ್ತರಿಸಿ ಬೇರೆ ಮಾಡುತ್ತದೆ. ಇನ್‌ಸ್ಟಂಟ್ ಟೀ ಮಾಡುವ ಕಾರ್ಖಾನೆಗಳು ಪಾನೀಯ ತಣ್ಣಗಾದಾಗ ಮಬ್ಬಾಗದಿರಲಿ ಅಂತ ಬೂಷ್ಟಿನಿಂದ ತೆಗೆದ ಈ ಕಿಣ್ವವನ್ನೇ ಬಳಸುತ್ತವೆ. ಚಹಾ ಗಿಡ ಶತ್ರುಗಳಿಗೆಂದು ಕೂಡಿಟ್ಟ ಒಗರನ್ನು ನನ್ನ ಕಪ್ಪಿನ ಬೂಷ್ಟು ಸಹಿಸಿಕೊಂಡಿರಲಿಲ್ಲ, ಕತ್ತರಿಸಿ ತಿನ್ನುತ್ತಿತ್ತು.